ಸಿಕ್ತು

ಬೀದಿಯವರೆಲ್ಲ ಅವಳನ್ನು ಸೂಜಿ ಡಾಕ್ಟರಮ್ಮ ಎನ್ನುತ್ತಿದ್ದರು. ಔಷಧಿ ಅಂಗಡಿಯ ಹಿಂದೆ ಎರಡು ಮಂಚ ಹಿಡಿಸುವ ಕೋಣೆ, ನಡುವೆ ಹಸಿರು ಪರದೆ. ಬೆನ್ನು, ಕತ್ತು, ತಲೆನೋವು ಎಂದು ಬಂದವರು ಅವಳ ಕೈಗುಣ ಮೆಚ್ಚಿ ನಂಟರನ್ನೂ ಕರೆತರುತ್ತಿದ್ದರು. ಕೂದಲೆಳೆಯಂಥ ಸೂಜಿ ಇಳಿದಾಗ ಒಳಗಿನ ಮಾಂಸ ಅದನ್ನು ಮೆಲ್ಲಗೆ ಹಿಡಿದೆಳೆಯುತ್ತದೆ. ಆ ಎಳೆತ ಬೆರಳಿಗೆ ತಾಗಿದೊಡನೆ ಅವಳು "ಸಿಕ್ತು" ಅನ್ನುತ್ತಿದ್ದಳು. ಆ ಒಂದು ಮಾತಿಗೇ ಅರ್ಧ ನೋವು ಇಳಿಯುತ್ತಿತ್ತು.

ಎಂಟು ತಿಂಗಳಿಂದ ಅವಳಿಗೆ ಏನೂ ಸಿಗುತ್ತಿರಲಿಲ್ಲ. ಬೆರಳ ತುದಿಗಳು ಮರಗಟ್ಟಿದ್ದವು. ಬಾಯಿ ಮಾತ್ರ ಹಳೇ ಅಭ್ಯಾಸದಂತೆ "ಸಿಕ್ತು" ಅನ್ನುತ್ತಿತ್ತು. ಸುಳ್ಳು ಹೇಳಿ ಹೊಟ್ಟೆ ಹೊರೆಯುತ್ತಿದ್ದೇನೆಂದು ನಾಚಿಕೆ; ಕೈಯೇ ಹೋದಮೇಲೆ ತಾನು ಯಾರು ಎಂಬ ಭಯ ಅದಕ್ಕಿಂತ ದೊಡ್ಡದು. ಹೊರಗೆ ಕೂತು ಚೀಟಿ ಬರೆಯುವ ಅಕ್ಕನಿಗೂ ಅವಳು ಬಾಯಿ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಬಸ್ ಡ್ರೈವರ್ ಊರುಗೋಲು ಕುಟ್ಟಿಕೊಂಡು ಬಂದ. ಅಪಘಾತದಲ್ಲಿ ಅವನ ಎಡಗಾಲು ಮಂಡಿಯಿಂದ ಕೆಳಗೆ ಹೋಗಿತ್ತು.

"ಡಾಕ್ಟ್ರಮ್ಮಾ, ನಂಗೀಗ ಚಪ್ಪಲಿ ಒಂದೇ ಸಾಕು. ನೋವು ಮಾತ್ರ ಎರಡು ಕಾಲಿಗೂ ಇದೆ," ಎಂದು ನಕ್ಕ. "ಇಲ್ಲದಿರೋ ಹೆಬ್ಬೆರಳು ಉರಿದು ಹೋಗ್ತಿದೆ."

ಇಂಥವರಿಗೆ ಇರುವ ಕಾಲಿನ ಅದೇ ಜಾಗಕ್ಕೆ ಚುಚ್ಚಬೇಕು. ಆದರೆ ಅವಳು ಚುಚ್ಚುವುದು ರೋಗಿಯ ಮುಖ ನೋಡುತ್ತಾ. ಜಾಗ ಹುಡುಕುವುದು ಬೆರಳ ಕೆಲಸ. ಆ ಬೆರಳಿಗೆ ಈಗ ಕಾಲಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

"ಇಲ್ಲೇನಾ?"

"ಅಲ್ಲೇ, ಅಲ್ಲೇ!"

ಸೂಜಿ ಇಳಿಸಿದಳು. ಎಳೆತ ತಾಗಿತು. ಎಂಟು ತಿಂಗಳ ಮೇಲೆ!

"ಸಿಕ್ತು," ಎಂದಳು, ಕಣ್ಣು ತುಂಬಿ ಬಂತು.

"ಅಬ್ಬಾ, ತಣ್ಣಗಾಯ್ತು," ಎಂದ ಡ್ರೈವರ್.

ಆಗ ಕೆಳಗೆ ನೋಡಿದಳು. ಅವಳ ಕೈ ಎಡಗಡೆಗಿತ್ತು. ಹಾಸಿಗೆಯಿಂದ ಗೇಣೆತ್ತರದಲ್ಲಿ, ಏನೂ ಇಲ್ಲದಲ್ಲಿ, ಸೂಜಿ ನೆಟ್ಟಗೆ ನಿಂತಿತ್ತು. ಕೀಳಲು ಬಲ ಹಾಕಬೇಕಾಯಿತು.

ಆ ವಾರವಿಡೀ ಪರೀಕ್ಷೆ ಮಾಡಿದಳು. ಗಟ್ಟಿಮುಟ್ಟಾದ ಬೆನ್ನು, ಭುಜಗಳಲ್ಲಿ ಏನೂ ಸಿಗಲಿಲ್ಲ. ಬಡಗಿಯ ತುಂಡಾದ ಬೆರಳಿದ್ದ ಜಾಗದಲ್ಲಿ ಸಿಕ್ಕಿತು. ಇರುವುದು ಅವಳ ಕೈಗೆ ಬರುವುದಿಲ್ಲ, ಹೋದದ್ದು ಮಾತ್ರ ಬರುತ್ತದೆ ಎಂದು ಖಾತ್ರಿಯಾಯಿತು.

ಶನಿವಾರ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಕ್ಕ ಮಂಚ ಹತ್ತಿದಳು.

"ಊರಿಗೆಲ್ಲಾ ಚುಚ್ತೀಯ, ಒಡಹುಟ್ಟಿದವಳ ಮಂಡಿ ಮಾತ್ರ ನಿನ್ ಕಣ್ಣಿಗೆ ಬೀಳಲ್ಲ."

ತಂಗಿ ನಕ್ಕು ಸೂಜಿ ಇಳಿಸಿದಳು. ಅದು ಬಿಗಿಯಾಗಿ ಎಳೆಯಿತು. ಇನ್ನೊಂದು ಮಂಡಿಗೆ ಹಾಕಿದಳು. ಅಲ್ಲೂ ಎಳೆಯಿತು. ಮಣಿಕಟ್ಟಿಗೆ ಹಾಕಿದಳು. ಅಲ್ಲೂ.

ಅಕ್ಕ ನಾಳೆ ಪರದೆ ಒಗೆಯಬೇಕು, ಬಿಸಿಲು ಬಂದರೆ ಸಾಕು ಎಂದು ಏನೇನೋ ಹೇಳುತ್ತಲೇ ಇದ್ದಳು. ಅವಳ ಎದೆ ಏರಿಳಿಯುತ್ತಿತ್ತು. ಮಾತು ನಿಲ್ಲಿಸಿ ತಲೆಯೆತ್ತಿ ನೋಡಿದಳು.

"ಏನೇ, ಸಿಕ್ತಾ?"

"ಇಲ್ಲ ಅಕ್ಕಾ," ಎಂದಳು ತಂಗಿ. "ಸಿಗ್ಲಿಲ್ಲ."