ಸಿಕುಜುವಾ ಬರೆದುಕೊಟ್ಟ ನಾಲ್ಕು ದಿನ

ದಾರೆಸ್ಸಲಾಮಿನ ಕರಿಯಾಕೂ ಪೇಟೆಯಿಂದ ಯಾರಾದರೂ ಸರಕು ಕೊಳ್ಳಲು ಚೀನಾದ ಗುವಾಂಗ್‌ಝೌಗೆ ಹೊರಟರೆ, ವಿಮಾನದ ಟಿಕೆಟ್ಟಿಗೂ ಮೊದಲು ಸಿಕುಜುವಾಳನ್ನು ಕಾಣುತ್ತಿದ್ದರು. ನನ್ನ ಗುಂಡಿ-ದಾರದ ಅಂಗಡಿಯ ಅರ್ಧ ಭಾಗವನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಆ ಊರಿನ ಮೆಟ್ರೊ ನಕ್ಷೆ. ನಾಲ್ಕು ದಿನಕ್ಕೆ ಹೋಗುವವರಿಗೆ ನಾಲ್ಕು ಹಾಳೆ, ಆರು ದಿನಕ್ಕೆ ಆರು ಹಾಳೆ ಬರೆದುಕೊಡುತ್ತಿದ್ದಳು. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಮೆಟ್ರೊ ಇಳಿದು ಯಾವ ಬಾಗಿಲಿನಿಂದ ಮೇಲೆ ಬರಬೇಕು, ಹಂದಿಮಾಂಸ ಸೋಕದ ಬಾಣಲೆ ಯಾವ ಹೋಟೆಲಿನಲ್ಲಿದೆ, ಬೆಲೆ ಕೇಳಿ ಎಷ್ಟು ಹೆಜ್ಜೆ ನಡೆದರೆ ಅಂಗಡಿಯವನು ಹಿಂದಿನಿಂದ ಕೂಗುತ್ತಾನೆ, ಎಲ್ಲವೂ ಅದರಲ್ಲಿ ಇರುತ್ತಿತ್ತು. ಕೊನೆಗೆ ಉಳಿಯುವ ಜಾಗದ ವಿಳಾಸವನ್ನು ಚೀನೀ ಅಕ್ಷರಗಳಲ್ಲಿ ದಪ್ಪಗೆ ಬರೆದು, "ದಾರಿ ತಪ್ಪಿದ್ರೆ ಬಾಯಿ ಬಿಡ್ಬೇಡಿ, ಇದನ್ನ ತೋರ್ಸಿ" ಅನ್ನುತ್ತಿದ್ದಳು.

ಚೀನೀ ಮಾತು ಅವಳಿಗೆ ಬಂದದ್ದು ಮೊರೊಗೊರೊ ಕಡೆ ರಸ್ತೆ ಮಾಡಲು ಬಂದಿದ್ದ ಚೀನಾದವರ ಬಿಡಾರದಲ್ಲಿ. ಹತ್ತೊಂಬತ್ತರ ಹುಡುಗಿ ಅಲ್ಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಮಾತು ಕಲಿತಳು, ಅಲ್ಲಿನ ಮುದುಕ ಗುಮಾಸ್ತನೊಬ್ಬನ ಹತ್ತಿರ ಅಕ್ಷರ ಕಲಿತಳು. ಆಮೇಲೆ ದರ್ಜಿ ಸೆಫುವನ್ನು ಮದುವೆಯಾಗಿ ದಾರೆಸ್ಸಲಾಮಿಗೆ ಬಂದಳು.

ಆ ಮಾತೇ ಅವಳಿಗೆ ಮುಳುವಾಯಿತು. ಒಂಬತ್ತು ವರ್ಷದ ಹಿಂದೆ, ಮಕ್ಕಳ ಬಟ್ಟೆ ಮಾರುತ್ತಿದ್ದ ಶೊಮಾರಿ ಎಂಬವನು ಅವಳ ಮನೆಗೆ ಬಂದು, "ನೀನು ಮಾತಾಡು, ನಾನು ವ್ಯಾಪಾರ ಮಾಡ್ತೀನಿ, ಲಾಭದಲ್ಲಿ ನಿಂಗೂ ಪಾಲು" ಅಂದ. ಸೆಫು ಒಪ್ಪಿದ. ಇಬ್ಬರೂ ಒಂದು ವಾರಕ್ಕೆ ಗುವಾಂಗ್‌ಝೌಗೆ ಹೋದರು. ಐದು ದಿನ ಅವಳು ಅವನಿಗೆ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ದಾರಿ ತೋರಿಸಿದಳು, ಚೌಕಾಸಿ ಮಾಡಿದಳು, ಹೆಸರು ವಿಳಾಸಗಳನ್ನೆಲ್ಲ ಬರೆದಿಟ್ಟಳು. ಆರನೇ ದಿನ ಮಲೇರಿಯಾ ಹಿಡಿದು ಹಾಸಿಗೆಯಲ್ಲಿ ಬಿದ್ದಳು. ಏಳನೇ ದಿನ ಶೊಮಾರಿ ಅವಳು ಬರೆದಿಟ್ಟ ಪುಸ್ತಕ ತೆಗೆದುಕೊಂಡು ವಿಮಾನ ಹತ್ತಿದ. ಅವಳ ಕೋಣೆಯ ಬಾಗಿಲನ್ನು ತಟ್ಟಲೂ ಇಲ್ಲ.

ಅವಳನ್ನು ಉಳಿಸಿದ್ದು ಹೋಟೆಲಿನ ಎದುರಿದ್ದ ಶಾವಿಗೆ ಅಂಗಡಿಯ ಹೆಂಗಸು, ಮಾ ಶಿಯೂಲಾನ್. ಅವಳೂ ನಮ್ಮ ಹಾಗೆ ನಮಾಜು ಮಾಡುವವಳು. ಆಸ್ಪತ್ರೆಗೆ ಸೇರಿಸಿ, ಹತ್ತೊಂಬತ್ತು ದಿನ ಕುರಿಯ ಸಾರು ಕುಡಿಸಿದಳು. ಇತ್ತ ಪೇಟೆಯಲ್ಲಿ ಶೊಮಾರಿ, ಪಾಲು ಕೊಡುವುದು ತಪ್ಪಲೆಂದು, ಬೇರೆಯೇ ಕಥೆ ಕಟ್ಟಿದ: ಸಿಕುಜುವಾಗೆ ಅಲ್ಲಿ ಯಾರೋ ಸಿಕ್ಕಿದ್ದಾನೆ, ಅವಳು ಬರುವುದಿಲ್ಲ. ಸೆಫು ಫೋನಿನಲ್ಲೇ ಮೂರು ಸಾಲು ಬರೆದು ತಲಾಖ್ ಕೊಟ್ಟ. ಅವಳು ಎಲುಬಿನ ಹಂದರವಾಗಿ ತಂಡಿಕಾದ ತವರುಮನೆಗೆ ಬಂದರೆ, ಅವಳ ತಂದೆ ಅತ್ತುಮಾನಿ ಬಾಗಿಲು ತೆಗೆಯಲಿಲ್ಲ.

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಇವಳದು ಒಂಬತ್ತನೇ ವರ್ಷದಲ್ಲಿ ಹೆಡೆ ಎತ್ತಿತು. ಎತ್ತಿಸಿದವನೂ ಶೊಮಾರಿಯೇ.

ಡಿಸೆಂಬರಿನ ಒಂದು ಬೆಳಿಗ್ಗೆ ಶೊಮಾರಿ ನಮ್ಮ ಅಂಗಡಿಗೆ ಬಂದ. ಈಗ ಮೂರು ಅಂಗಡಿಯ ಧಣಿ. ಕುಳಿತುಕೋ ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡ.

"ಏನ್ ತಂಗಿ, ಚೆನ್ನಾಗಿದೀಯಾ? ಹಳೇದೆಲ್ಲ ಇನ್ನೂ ಹೊಟ್ಟೇಲಿ ಇಟ್ಕೊಂಡಿಲ್ಲ ತಾನೆ?"

"ಎಷ್ಟು ದಿನಕ್ಕೆ ಹೋಗೋದು, ಅಣ್ಣ?" ಅಂದಳು ಸಿಕುಜುವಾ.

"ನಾಲ್ಕೇ ದಿನ. ಈದ್ ಹಬ್ಬಕ್ಕೆ ಮಕ್ಕಳ ಬಟ್ಟೆ ಹೊಲಿಸ್ತಿದೀನಿ. ಚೀನಾದೋರ ಹೊಸ ವರ್ಷ ಬರ್ತಿದೆಯಲ್ಲ, ಫ್ಯಾಕ್ಟರಿಗೆ ಒಂದು ತಿಂಗಳು ಬೀಗ. ಅಷ್ಟರೊಳಗೆ ನಾನೇ ನಿಂತು ಮಾಲು ನೋಡಿ ಸಹಿ ಹಾಕ್ಬೇಕು. ಇಲ್ಲಾಂದ್ರೆ ಕಂಟೇನರ್ ಹೊರಡಲ್ಲ. ಹಬ್ಬ ಆದ್ಮೇಲೆ ಹಬ್ಬದ ಬಟ್ಟೆ ನಾಯೀನೂ ಮೂಸಲ್ಲ."

"ನನ್ ಹತ್ರಾನೇ ಯಾಕೆ ಬಂದೆ?"

"ಊರೆಲ್ಲ ನಿನ್ ಹಾಳೇನೇ ಹೊಗಳತ್ತೆ. ಎಲ್ಲ ಗೊತ್ತಿರೋಳಿಗೆ ನಿಮ್ಮಪ್ಪ ಎಂಥಾ ಹೆಸರಿಟ್ಟ ನೋಡು, ಸಿಕುಜುವಾ ಅಂದ್ರೆ 'ನಂಗ್ ಗೊತ್ತಿರ್ಲಿಲ್ಲ' ಅಂತಾನೇ ಅರ್ಥ." ಅವನು ತಾನೇ ನಕ್ಕ. ಅವಳೂ ಸ್ವಲ್ಪ ನಕ್ಕಳು. ನನಗೆ ಅದು ಆಶ್ಚರ್ಯವಾಯಿತು.

"ವೀಸಾ ಒಂದ್ ಸಲ ಒಳಗೆ ಹೋಗೋದಾ, ಎರಡ್ ಸಲದ್ದಾ?"

"ನಾನೇನ್ ಆ ಊರಿನ ಅಳಿಯನಾ, ಎರಡೆರಡು ಸಲ ಹೋಗೋಕೆ? ಒಂದ್ ಸಲದ್ದು ಸಾಕು. ಅಲ್ಲೇ ಉಳ್ಕೊಳ್ಳೋ ಚಟ ನಂಗಿಲ್ಲಮ್ಮ."

ನಾನು ಗುಂಡಿಯ ಡಬ್ಬಿಯನ್ನು ಮುಚ್ಚಿ ಅವರತ್ತ ತಿರುಗಿದೆ. ಸಿಕುಜುವಾ ತಲೆ ಎತ್ತಲಿಲ್ಲ. 'ಒಂದು' ಎಂದು ಬರೆದಳು.

"ಮೂರನೇ ದಿನ ಹಾಂಗ್‌ಕಾಂಗ್ ಹಾಕು. ನಾನಿನ್ನೂ ನೋಡೇ ಇಲ್ಲ. ಹೆಂಡ್ತಿಗೆ ವಾಚ್ ತರ್ಬೇಕು. ಬೆಳಿಗ್ಗೆ ರೈಲಲ್ಲಿ ಹೋಗಿ ಸಂಜೆ ಬರ್ತೀನಿ. ನಾಲ್ಕನೇ ದಿನ ಫ್ಯಾಕ್ಟರಿ."

ಅವಳ ಪೆನ್ನು ನಿಂತಿತು. ಹಾಂಗ್‌ಕಾಂಗ್ ಚೀನಾದ್ದೇ ಆದರೂ ನಡುವೆ ಗಡಿ ಇದೆ. ಒಂದು ಸಲದ ವೀಸಾದವನು ಅಲ್ಲಿಗೆ ಕಾಲಿಟ್ಟರೆ ಚೀನಾದಿಂದ ಹೊರಗೆ ಹೋದ ಹಾಗೆ. ಮತ್ತೆ ಒಳಗೆ ಬರುವಂತಿಲ್ಲ. ಹಾಂಗ್‌ಕಾಂಗ್ ಅಂದವರಿಗೆಲ್ಲ ಅವಳು ಇದನ್ನು ಬೆರಳೆತ್ತಿ ಮೂರು ಸಲ ಹೇಳುತ್ತಿದ್ದಳು. ಕುರಿತೋದದ ನನಗೂ ಅದು ಬಾಯಿಪಾಠವಾಗಿತ್ತು.

"ಆಯ್ತು ಅಣ್ಣ," ಅಂದಳು.

ಅವನು ಹೋದ ಮೇಲೆ ನಾನು ಕೇಳಿದೆ. "ಹೇಳಲ್ವೇನೇ?"

"ಕೇಳಿದ್ನಲ್ಲಕ್ಕ, ಒಂದಾ ಎರಡಾ ಅಂತ."

"ಕೇಳೋದು ಬೇರೆ, ಹೇಳೋದು ಬೇರೆ."

"ಆವತ್ತು ಅವನು ನನ್ ಬಾಗಿಲು ತಟ್ಟಬಹುದಿತ್ತು. ಒಂದೇ ಒಂದ್ ಸಲ."

ಅಷ್ಟು ಅಚ್ಚುಕಟ್ಟಾದ ಹಾಳೆಗಳನ್ನು ಅವಳು ಯಾರಿಗೂ ಬರೆದುಕೊಟ್ಟದ್ದನ್ನು ನಾನು ಕಂಡಿಲ್ಲ. ಮೊದಲ ಎರಡು ದಿನ ಅವನು ಎಲ್ಲೂ ಎಡವಬಾರದು, ತನ್ನ ಹಾಳೆಯ ಮೇಲೆ ಪೂರ್ತಿ ನಂಬಿಕೆ ಬರಬೇಕು, ಅದು ಅವಳ ಲೆಕ್ಕ. ಒಳ್ಳೆಯ ಹಾಸಿಗೆಯ ಹೋಟೆಲು ಹುಡುಕಿದಳು. ಬೆಳಗಿನ ಚಹಾ ಎಲ್ಲಿ, ಮಧ್ಯಾಹ್ನದ ಅನ್ನ ಎಲ್ಲಿ, ಸಂಜೆ ಕಾಲು ಒತ್ತುವವರು ಎಲ್ಲಿ, ಎಲ್ಲ ಬರೆದಳು. ಮೂರನೇ ದಿನದ ಹಾಳೆಗೆ ಎರಡು ದಿನ ಕುಳಿತಳು. ರೈಲಿನ ಹೊತ್ತು, ವಾಚಿನ ಬೀದಿ, ಬಿರಿಯಾನಿ ಸಿಗುವ ಕಟ್ಟಡ. ಹಿಂದಿರುಗುವ ರೈಲಿನ ಹೊತ್ತನ್ನೂ ಬರೆದಳು. ಬರೆಯುವಾಗ ಅವಳ ಮುಖ ಪಾತ್ರೆ ಉಜ್ಜುವವಳ ಮುಖದಂತೆ ಶಾಂತವಾಗಿತ್ತು.

ವೀಸಾ ಬಂದು ಅವನು ಹೊರಡುವವರೆಗೆ ಹನ್ನೆರಡು ದಿನವಿತ್ತು. ಅವನು ನಾಲ್ಕೈದು ಸಲ ಬಂದು, ಎಣ್ಣೆಯಲ್ಲಿ ಕರಿದ ಮಂದಾಜಿ ತಿಂದು, ನನ್ನ ಮುಂದೆಯೇ ಹಾಳೆ ಓದಿ ತಲೆದೂಗಿದ. ಒಂದು ಮಾತು ನಾನೂ ಹೇಳಬಹುದಿತ್ತು. ಹೇಳಲಿಲ್ಲ. ಒಂಬತ್ತು ವರ್ಷದ ಹಿಂದೆ ಸಿಕುಜುವಾ ಯಾರೊಂದಿಗೋ ಉಳಿದಳಂತೆ ಎಂದು ಪಕ್ಕದ ಅಂಗಡಿಗೆ ಹೋಗಿ ಹೇಳಿಬಂದವಳು ನಾನು. ಅವಳಿಗೆ ಅದು ಗೊತ್ತು. ಗೊತ್ತಿದ್ದೂ ನನ್ನ ಅಂಗಡಿಯಲ್ಲೇ ಮೇಜು ಹಾಕಿದ್ದಳು. ಯಾಕೆ ಎಂದು ನಾನು ಕೇಳಿರಲಿಲ್ಲ, ಕೇಳಲು ಹೆದರಿಕೆ.

ಅವನು ಹೋದ ಮೂರನೇ ದಿನ, ನಮಗೆ ಮಧ್ಯಾಹ್ನ, ಅಲ್ಲಿ ಸಂಜೆ. ಸಿಕುಜುವಾ ಉಗಾಲಿಯ ಮುದ್ದೆ ಮುರಿದು ಮೀನಿನ ಸಾರಿಗೆ ಅದ್ದುತ್ತಿದ್ದಳು. ಫೋನು ಬಂತು. ಕೈ ಸಾರಾಗಿದ್ದರಿಂದ ಎಡಗೈಯಲ್ಲಿ ಒತ್ತಿ ಮೇಜಿನ ಮೇಲಿಟ್ಟಳು. ಮಾತು ನನಗೂ ಕೇಳಿಸುತ್ತಿತ್ತು.

"ಸಿಕುಜುವಾ, ಗಡೀಲಿ ನಿಲ್ಸಿದಾರೆ. ವೀಸಾ ಮುಗೀತು ಅಂತಾರೆ. ಇನ್ನೂ ದಿನ ಇದೆ ಅಂದ್ರೂ ಕೇಳ್ತಿಲ್ಲ."

"ದಿನ ಇದೆ ಅಣ್ಣ. ಸಲ ಮುಗೀತು."

ಅವನು ಬೈಯತೊಡಗಿದ. ಅವಳು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಡುತ್ತಿದ್ದಳು. ಬೈಗುಳ ತೀರಿದ ಮೇಲೆ ಅವನ ದನಿ ಇಳಿಯಿತು.

"ನಾಳೆ ಫ್ಯಾಕ್ಟರಿಗೆ ಬೀಗ ಬೀಳತ್ತೆ ತಾಯಿ. ಅಲ್ಲಿ ನಿನ್ನೋಳು ಇದಾಳಲ್ಲ, ಶಾವಿಗೆ ಅಂಗಡಿಯೋಳು. ಅವಳನ್ನ ಕಳ್ಸು. ನನ್ ಬದಲು ಮಾಲು ನೋಡಿ ಸಹಿ ಹಾಕ್ಲಿ. ಫ್ಯಾಕ್ಟರಿಯೋರಿಗೆ ನಾನು ಹೇಳ್ತೀನಿ."

ಅವಳ ಕೈ ನಿಂತಿತು. "ಅವಳು ನನ್ನೋಳು ಅಂತ ನಿಂಗ್ ಹೇಗ್ ಗೊತ್ತು?"

"ಜ್ವರ ಬಂದಾಗ ನಿನ್ನ ನೋಡ್ಕೊಂಡಿದ್ದು ಅವಳೇ ಅಂತೆ. ಆಮೇಲಿನ ಸಲ ಹೋದಾಗ ನಾವಿದ್ದ ಹೋಟೆಲಿನೋರು ಹೇಳಿದ್ರು."

"ಹಾಗಾದ್ರೆ ನಾನು ಯಾರ ಜೊತೆ ಇದ್ದೆ ಅಂತ ಇಷ್ಟು ವರ್ಷ ನಿಂಗ್ ಗೊತ್ತಿತ್ತು."

"ಅದೆಲ್ಲ ಈಗ್ಯಾಕೆ ತಾಯಿ? ಹೊತ್ತಾಗ್ತಿದೆ."

"ಪೇಟೆಯೋರ ವಾಟ್ಸಾಪ್ ಗುಂಪಲ್ಲಿ ನಿನ್ ಬಾಯಲ್ಲೇ ಇದನ್ನ ಹೇಳು. ಬರೀಬೇಡ, ಮಾತಾಡಿ ಕಳ್ಸು. ಆಮೇಲೆ ಫೋನ್ ಮಾಡು."

ಅರ್ಧ ಗಂಟೆಯೊಳಗೆ ಬೀದಿಯುದ್ದಕ್ಕೂ ಫೋನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಪಾತ್ರೆ ಅಂಗಡಿಯಲ್ಲಿ, ಎದುರಿನ ಖಾಂಗಾ ಬಟ್ಟೆಯ ಅಂಗಡಿಯಲ್ಲಿ, ಕಾಫಿ ಮಾರುವವನ ಬೆಂಚಿನ ಮೇಲೆ, ಎಲ್ಲ ಕಡೆಯೂ ಶೊಮಾರಿಯ ದನಿ. ಜ್ವರದಲ್ಲಿ ಬಿದ್ದವಳನ್ನು ಬಿಟ್ಟುಬಂದೆ. ಅವಳ ಜೊತೆ ಯಾವ ಗಂಡಸೂ ಇರಲಿಲ್ಲ. ಪಾಲು ಕೊಡಬಾರದೆಂದು ಸುಳ್ಳು ಹೇಳಿದೆ. ಜನ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಸಿಕುಜುವಾ ಕೈ ತೊಳೆದು ಬಂದು ಕುಳಿತಳು.

ಫೋನು ಮತ್ತೆ ಬಂತು. "ಹೇಳ್ದೆ. ಈಗ ಕಳ್ಸು ಅವಳನ್ನ."

"ಮಾ ಶಿಯೂಲಾನ್ ಹೊಸ ವರ್ಷಕ್ಕೆ ಅಂಗಡಿ ಮುಚ್ಚಿ ಊರಿಗೆ ಹೋಗಿ ನಾಲ್ಕು ದಿನ ಆಯ್ತು ಅಣ್ಣ. ಬಹಳ ದೂರದ ಊರು."

"ನಿಂಗಿದು ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು," ಅಂದು ಫೋನಿಟ್ಟಳು.

ಶೊಮಾರಿ ಹಾಂಗ್‌ಕಾಂಗಿನಿಂದಲೇ ಹೊಸ ಟಿಕೆಟ್ ಕೊಂಡು ಬರಿಗೈಯಲ್ಲಿ ಬಂದ. ಅವನ ಮಾಲು ಬಂದದ್ದು ಹಬ್ಬ ಕಳೆದು ಮೂರು ವಾರಕ್ಕೆ. ಪುಟ್ಟ ಪುಟ್ಟ ಕೋಟುಗಳು, ಮಿಂಚಿನ ಲಂಗಗಳು ಪ್ಲಾಸ್ಟಿಕ್ಕಿನಲ್ಲೇ ಚಾವಣಿಯವರೆಗೆ ಏರಿ ಕುಳಿತವು. ಅವನು ಎರಡು ಅಂಗಡಿ ಬಿಟ್ಟುಕೊಟ್ಟ. ಅವನು ಬೀದಿಯಲ್ಲಿ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಸೆಫು ಸಿಕುಜುವಾಗೆ ಒಂದು ಸಂದೇಶ ಕಳಿಸಿದ. ಅವಳು ತೆರೆಯದೆಯೇ ಅಳಿಸಿದಳು.

ಆ ಮಾಲು ಬರುವುದಕ್ಕೂ ಮೊದಲೇ, ರಂಜಾನ್ ಉಪವಾಸ ಶುರುವಾಗುವ ಮುಂಚಿನ ಒಂದು ಗುರುವಾರ, ಅವಳ ತಂದೆ ಅತ್ತುಮಾನಿ ಅಂಗಡಿಗೆ ಬಂದರು. ಕೋಲೂರಿ ಎರಡು ಬಸ್ಸು ಬದಲಿಸಿ ಬಂದಿದ್ದರು. ನಾನು ನನ್ನ ಕುರ್ಚಿ ಕೊಟ್ಟೆ. ಅವಳು ಲೋಟದಲ್ಲಿ ನೀರು ತಂದಿಟ್ಟಳು.

"ನೀನು ಆವತ್ತೇ ಹೇಳಿದ್ರೆ ನಂಬ್ತಿದ್ದೆ ಮಗಳೇ."

"ಹೇಳಿದ್ದೆ ಅಪ್ಪ. ಬಾಗಿಲಾಚೆ ನಿಂತು ಒಂದಿಡೀ ಬೆಳಿಗ್ಗೆ ಹೇಳಿದ್ದೆ. ನೀವು ಒಳಗೆ ಕೆಮ್ಮೋದು ಕೇಳಿಸ್ತಿತ್ತು."

ಮುದುಕರು ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡರು. "ನಂಗೆ ವಯಸ್ಸಾಯ್ತು."

"ನೀರು ಕುಡೀರಿ. ಬಸ್ ನಿಲ್ದಾಣದವರೆಗೂ ಅಕ್ಕ ಬಿಟ್ಟು ಬರ್ತಾರೆ."

ನಾನು ಅವರ ಕೈ ಹಿಡಿದು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಅವಳು ಚಿಕ್ಕಂದಿನಲ್ಲಿ ಮಾವಿನಮರ ಹತ್ತುತ್ತಿದ್ದುದನ್ನೇ ಹೇಳಿದರು. ಹಿಂದಿರುಗಿ ಬಂದಾಗ ಲೋಟ ಹಾಗೇ ಇತ್ತು. ಅವಳು ನೀರನ್ನು ಹೊಸ್ತಿಲಾಚೆ ಚೆಲ್ಲಿದಳು.

ವೀಸಾದ ವಿಷಯವನ್ನು ಶೊಮಾರಿ ಊರೆಲ್ಲ ಹೇಳಿಕೊಂಡು ತಿರುಗಿದ ಮೇಲೆ, ಅವಳ ಬಳಿಗೆ ಬರುತ್ತಿದ್ದವರಲ್ಲಿ ಅರ್ಧ ಜನ ಬಿಟ್ಟರು. ಅವನು ಮಾಡಿದ್ದು ಪಾಪವೇ, ಆದರೆ ಒಬ್ಬನಿಗೆ ಗುಂಡಿ ತೋಡಿದವಳು ನಾಳೆ ನಮಗೆ ತೋಡುವುದಿಲ್ಲ ಅಂತ ಏನು ನಂಬಿಕೆ, ಅನ್ನುವುದು ಅವರ ಮಾತು. ನಾನು ಇದನ್ನು ಅವಳಿಗೆ ಹೇಳಿದೆ.

"ಸರಿಯಾಗೇ ಹೇಳ್ತಾರೆ," ಅಂದಳು. ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ. "ಅವನು ಗಡೀಲಿ ನಿಂತಿದ್ದನ್ನ ನಾನು ಕಣ್ಣಾರೆ ನೋಡ್ಲಿಲ್ಲ ನೋಡಿ. ಅದೊಂದು ಕೊರಗು."

ಅಷ್ಟು ಹೊತ್ತಿಗೆ ಮೂವತ್ತು ದಾಟದ ಒಬ್ಬ ಹೆಂಗಸು, ಕಂಕುಳಲ್ಲಿ ಮಗು ಎತ್ತಿಕೊಂಡು, ಮೊದಲ ಸಲ ಹೊರಟಿದ್ದೇನೆ ಎಂದು ಅಂಜುತ್ತ ಒಳಗೆ ಬಂದಳು. ಸಿಕುಜುವಾ ಮಗುವಿನ ಕೈಗೆ ನನ್ನ ಡಬ್ಬಿಯಿಂದ ಒಂದು ದೊಡ್ಡ ಕೆಂಪು ಗುಂಡಿ ಕೊಟ್ಟು, ಹಾಳೆ ತೆಗೆದಳು.