ಒಂದೇ ಗರಗಸದ ಎರಡು ಹಿಡಿ

ಹಾನಗಲ್ಲಿನ ಕಟ್ಟಿಗೆ ಅಡ್ಡೆಯಲ್ಲಿ ನಾನು ಗರಗಸ ಎಳೆಯುತ್ತಿದ್ದೆ. ನಯಾಪೈಸೆ ಹೊಸದಾಗಿ ಬಂದ ಕಾಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಸಾಲೆ ಬಿಟ್ಟವನು ನಾನು. ಆದರೆ ನಾನು ಕೊಯ್ದ ಹಲಗೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳು ಎಂದು ಸವಣೂರಿನವರೆಗೆ ಒಬ್ಬ ಬಡಿಗನೂ ಅಂದದ್ದಿಲ್ಲ.

ಆ ಕೆಲಸಕ್ಕೆ ಇಬ್ಬರು ಬೇಕು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ ಕಟ್ಟಿದ ಮೇಲೆ ಒಬ್ಬ ಅದರ ಮೇಲೆ ನಿಲ್ಲುತ್ತಾನೆ, ಒಬ್ಬ ಕೆಳಗೆ. ಮೇಲಿನವನು ಗೆರೆ ಕಾಯಬೇಕು. ಕೆಳಗಿನವನು ಕಣ್ಣಿಗೆ ಬೀಳುವ ಹೊಟ್ಟು ತಡೆದುಕೊಂಡು ಜಗ್ಗಬೇಕು. ನಾನು ಮೇಲಿನವನು. ನನ್ನ ಜೋಡಿಯವನು ಮುಪ್ಪಾಗಿ ಊರು ಸೇರಿದ ಮೇಲೆ ಸಾಹುಕಾರ ಹಿರೇಕೆರೂರ ಕಡೆಯ ಒಬ್ಬನನ್ನು ಕರೆತಂದ. ನೋಡಿದರೆ ನನ್ನ ಅಕ್ಕನ ಗಂಡ.

ಅಕ್ಕ ತೀರಿ ಕೆಲವು ಸುಗ್ಗಿ ಕಳೆದಿದ್ದವು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು, ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿದ ಮೇಲೆ ಕರೆತರಲು ನಾನೇ ಗಾಡಿ ಕಟ್ಟಿಕೊಂಡು ಹೋಗಿದ್ದೆ. ಅಕ್ಕ ಗಂಟು ಕಟ್ಟಿಟ್ಟುಕೊಂಡು ನಿಂತಿದ್ದಳು. ಅವನು ಕಣದಲ್ಲಿ ಜೋಳ ತೂರುತ್ತಿದ್ದ.

"ಮನ್ಯಾಗ ಮಂದಿ ಇಲ್ಲ. ರಾಶಿ ಮುಗೀಲಿ ತಮ್ಮಾ, ನಾನಽ ತಂದು ಬಿಡ್ತೇನಿ" ಅಂದ.

ಅವ್ವ ಗಾಡಿಯಲ್ಲಿ ಹಾಸಿ ಕಳಿಸಿದ್ದ ಕೌದಿ ಹಾಗೇ ತಿರುಗಿ ಬಂತು. ರಾಶಿ ಮುಗಿಯುವ ಮೊದಲೇ, ದಿನ ತುಂಬದ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಹೋದರು. ಅಂದಿನಿಂದ ಆ ಮನೆಯ ನೀರು ನಮಗೆ ಬಂದ್.

ಸಾಹುಕಾರನಿಗೆ ನಾನು ಇದನ್ನು ಹೇಳಲಿಲ್ಲ. ಇನ್ನೊಬ್ಬನ ಸಲುವಾಗಿ ನನ್ನ ಕೆಲಸ ನಾನೇಕೆ ಬಿಡಲಿ? ಸಿಟ್ಟಿನಲ್ಲಿ ಎಳೆದರೆ ಗರಗಸ ಗೆರೆ ಬಿಡುತ್ತದೆ. ಹಾಗಾಗಿ ಸಿಟ್ಟನ್ನೂ ಎಳೆಯಲಿಲ್ಲ. ಮೊದಲು ಅವನಿಗೆ ಮಾವ ಎನ್ನುತ್ತಿದ್ದೆ, ಈಗ ಏನೂ ಕರೆಯಲಿಲ್ಲ. ಕರೆಯುವ ಅಗತ್ಯವೂ ಇರಲಿಲ್ಲ. ಹೂಂ ಅಂದರೆ ಜಗ್ಗು, ಹೋ ಅಂದರೆ ನಿಲ್ಲು. ಒಂದೇ ಗರಗಸದವರು ಒಂದೇ ಕಡೆ ಬುತ್ತಿ ಬಿಚ್ಚುವುದು ಅಡ್ಡೆಯ ವಾಡಿಕೆ. ನಾವು ಬೆನ್ನು ತಿರುಗಿಸಿ ಉಣ್ಣುತ್ತಿದ್ದೆವು.

"ಆ ಜೋಡಿಯೊಳಗ ಗರಗಸಾ ಒಂದಽ ಮಾತಾಡ್ತೈತಲೇ" ಎಂದು ಹಮಾಲರು ನಗುತ್ತಿದ್ದರು. ನಕ್ಕರೆ ನಗಲಿ.

ಎರಡನೆಯ ವರ್ಷದ ಬೇಸಿಗೆಯ ಕೊನೆ. ಸವಣೂರಿನ ಒಂದು ಮನೆಗೆ ಮತ್ತಿ ಮರದ ತೊಲೆಗಳನ್ನು ಮಳೆಗೆ ಮುಂಚೆ ಕಳಿಸಬೇಕಿತ್ತು. ಸಾಹುಕಾರ ದಿಮ್ಮಿಯ ಬಳಿ ಬಂದಾಗ ಅಕ್ಕನ ಗಂಡ ಕೆಳಗಿನಿಂದ ಕೇಳಿದ. ಅವನು ಮತ್ತೆ ಮದುವೆಯಾಗಿದ್ದಾನೆಂದು ನನಗೆ ತಿಳಿದಿತ್ತು.

"ಸಾಹುಕಾರ್ರ, ಎರಡ ದಿನಾ ಬಿಡ್ರಿ. ಹೇಣ್ತಿನ್ನ ತವರಿಗೆ ಮುಟ್ಟಿಸಿ ಬರ್ತೇನಿ. ಬಸ್ ಇಳಿದ ಮ್ಯಾಲ ಯಲವಿಗಿ ಕಡೆ ಕರಿ ಮಣ್ಣಿನ ದಾರಿ, ಮಳಿ ಹಿಡದ್ರ ಗಾಡಿ ನಡಿಯಂಗಿಲ್ಲ."

"ತೊಲಿ ಯಾರ್ ಕೊಯ್ಬೇಕು, ನಿಮ್ಮಪ್ಪಾ? ಮೊದ್ಲ ಕೆಲಸಾ ಮುಗೀಲಿ. ಆಮ್ಯಾಲ ಬೇಕಾದ್ರ ಬಾಜಾ ಹಚ್ಚಿ ಕರಕೊಂಡು ಹೋಗು."

"ಚೊಚ್ಚಲ ಐತ್ರಿ. ಏಳು ತುಂಬ್ಯಾವ."

"ಹೋಗ್ತಿದ್ರ ಹೋಗು, ತಿರುಗಿ ಬರಬ್ಯಾಡ. ಇವನ ಕೆಳಗ ಬ್ಯಾರೆಯವನ್ನ ನಿಂದ್ರಸ್ತೇನಿ."

ಅವನು ಮೇಲೆ ನೋಡಿದ. ಮುಖದ ತುಂಬ ಹೊಟ್ಟು, ಕಣ್ಣಷ್ಟೇ ಕಾಣುತ್ತಿದ್ದವು. ತಲೆ ತಗ್ಗಿಸಿ ಮತ್ತೆ ಹಿಡಿಗೆ ಕೈ ಹಾಕಿದ.

ಮುಗೀಲಿ ಎಂಬ ಆ ಕಣದ ಮಾತು ನನಗೆ ಮತ್ತೆ ಕೇಳಿತ್ತು. ಸಿಟ್ಟು ಬಂತೇ, ಮರುಕ ಬಂತೇ ಎಂದರೆ ಎರಡೂ ಇಲ್ಲ. ದಿನವಿಡೀ ಎಳೆದ ಮೇಲೆ ಅಂಗೈ ಜೋಮು ಹಿಡಿದು ಏನು ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

"ಹಿಡಿ ಬಿಚ್ಚು" ಅಂದೆ.

ಅವನಿಗೆ ತಿಳಿಯಲಿಲ್ಲ.

"ಕೆಳಗಿನ ಹಿಡಿ ಬಿಚ್ಚಂದೆ."

ಬೆಣೆ ಬಡಿದು ಹಿಡಿ ತೆಗೆದ. ನಾನು ಅರ್ಧ ಕೊಯ್ದ ಸೀಳಿನಿಂದ ಗರಗಸವನ್ನು ಮೇಲೆ ಎಳೆದುಕೊಂಡೆ.

"ಬ್ಯಾರೆಯವನ ಜೋಡಿ ನಾ ಎಳಿಯಂಗಿಲ್ರಿ. ತೊಲಿ ಡೊಂಕಾದ್ರ ಹೋಗೂದು ನನ್ನ ಹೆಸರು. ಆಂವ ಬರೂತನಕ ಗರಗಸದ ಹಲ್ಲು ಮಸ್ಕೋತ ಕುಂದರ್ತೇನಿ" ಅಂದೆ.

"ಇಬ್ರೂ ಹಾಳಾಗಿ ಹೋಗ್ರಿ!" ಎಂದು ಸಾಹುಕಾರ ಧೋತರದ ಚುಂಗು ಕೊಡವಿ ಹೋದ. ಮಳೆ ತಲೆಯ ಮೇಲಿರುವಾಗ ಮತ್ತಿಗೆ ಬೇರೆ ಜೋಡಿ ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಕೆಳಗಿನವನು ಮೈಮೇಲಿನ ಹೊಟ್ಟು ಕೊಡವಿಕೊಂಡು ನಾಲ್ಕು ಹೆಜ್ಜೆ ಹೋಗಿ ನಿಂತ. "ತಮ್ಮಾ..."

"ಊರಿನ ಬಸ್ಸು ಹೋಗ್ತೈತಿ" ಅಂದೆ.

ಮರುದಿನ ಶಿಗ್ಗಾಂವಿಯ ಬಸ್ಸು ಅಡ್ಡೆಯ ಮುಂದೆ ಹಾದುಹೋಯಿತು. ಕಿಟಕಿಯಲ್ಲಿ ಹಸಿರು ಸೀರೆ, ತೊಡೆಯ ಮೇಲೆ ಗಂಟು. ನಾನು ಗರಗಸ ಮಸೆಯುತ್ತಿದ್ದೆ. ಅದೇ ಸಂಜೆ ಮೂಡಲ ಕಡೆ ಕಪ್ಪಾಗಿ ಮಳೆ ಸುರಿಯಿತು.

ಅವನು ಬಂದಾಗ ಮೊಣಕಾಲ ತನಕ ಕರಿ ಕೆಸರು ಒಣಗಿತ್ತು. ನಾನು ದಿಮ್ಮಿ ಏರಿ ಹಳೆಯ ಸೀಳಿಗೆ ಗರಗಸ ಇಳಿಸಿದೆ. ಅವನು ಹಿಡಿ ಸೇರಿಸಿ ಬೆಣೆ ಬಡಿದ.

"ಮುಟ್ಟಿದ್ಲು" ಅಂದ, ಕೆಳಗಿನಿಂದ.

"ಹೂಂ" ಅಂದೆ. ಜಗ್ಗಿದ.

ಆ ವಾರ ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಗಾಡ್ಯಾಗ ಮೆತ್ತಗ ಏನರ ಹಾಸಿದ್ರಂತೇನು?"

"ಕೇಳಲಿಲ್ಲ" ಅಂದೆ.