ಕಣ್ಣಿಗೆ ಒತ್ತಿಕೊಂಡ ಪುಸ್ತಕ

ಅಮೆರಿಕದ ಕಾಪೆಲ್ ಎಂಬ ಊರಿನ ಸರ್ಕಾರಿ ಶಾಲೆಯೊಂದರಲ್ಲಿ ಆರನೇ ತರಗತಿಗೆ ಸಮಾಜ ಪಾಠ ಹೇಳಲು ಸೇರಿದ ಮೊದಲ ವರ್ಷ. ಜಗತ್ತಿನ ಧರ್ಮಗಳ ಪಾಠ ಬಂದಾಗ ಒಂದೊಂದು ಮಾತನ್ನೂ ಅಳೆದು ತೂಗಿ ಆಡುತ್ತಿದ್ದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಧರ್ಮಗಳ ಬಗ್ಗೆ ಹೇಳಬಹುದು, ಆಚರಣೆ ಮಾಡಿಸುವಂತಿಲ್ಲ, ಟೀಚರ್ ತನ್ನ ಭಕ್ತಿಯನ್ನು ತರಗತಿಗೆ ತರುವಂತಿಲ್ಲ. ನಿಯಮ ಒಳ್ಳೆಯದೇ. ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು, ಗುರುದ್ವಾರಕ್ಕೆ ಹೋಗುವವರು, ಎಲ್ಲಿಗೂ ಹೋಗದವರು ಎಲ್ಲರೂ ನನ್ನ ತರಗತಿಯಲ್ಲಿದ್ದರು. ಆದರೆ ನಾನು ಮಹಾ ಪುಕ್ಕಲಿ. ಹಣೆಯ ಬೊಟ್ಟನ್ನೂ ಕಾರಿನಲ್ಲೇ ಕಿತ್ತು ಕನ್ನಡಿಗೆ ಅಂಟಿಸಿ ಒಳಗೆ ಹೋಗುತ್ತಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಒಂದು ದಿನ ಪಾಠದ ನಡುವೆ ಪಠ್ಯಪುಸ್ತಕ ಕೈಜಾರಿ ಬಿದ್ದು ಕಾಲಿಗೆ ತಾಗಿತು. ಯೋಚಿಸುವ ಮೊದಲೇ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡೆ.

“ಮಿಸ್, ಈಗ ಪ್ರಾರ್ಥನೆ ಮಾಡಿದ್ರಾ?” ಮುಂದಿನ ಸಾಲಿನವನೊಬ್ಬ ಇಂಗ್ಲಿಷಿನಲ್ಲಿ ಕೇಳಿದ.

“ಇಲ್ಲ, ಕಣ್ಣಿಗೆ ಧೂಳು ಬಿತ್ತು” ಎಂದೆ.

ಕಿಟಕಿಯೇ ತೆರೆಯದ ಏಸಿ ಕೋಣೆಯಲ್ಲಿ ಎಲ್ಲಿಯ ಧೂಳು! ತರಗತಿಯಲ್ಲಿದ್ದ ಒಬ್ಬಳೇ ಕನ್ನಡದ ಹುಡುಗಿ, ಧಾರವಾಡದ ಕಡೆಯವರ ಮಗಳು, ನನ್ನನ್ನೇ ನೋಡಿ ತಲೆ ತಗ್ಗಿಸಿದಳು.

ವಾರದ ನಂತರ ಅವಳ ತಾಯಿ ಪೋಷಕರ ಭೇಟಿಗೆ ಬಂದರು. ಅಂಕಗಳ ಮಾತು ಮುಗಿದ ಮೇಲೂ ಏಳಲಿಲ್ಲ.

“ಪುಸ್ತಕಕ್ಕ ಕಾಲ್ ತಾಗಿದ್ರ ಮೊದ್ಲು ಕಣ್ಣಿಗೆ ಒತ್ಕೊಂತಿದ್ಲ್ರಿ. ಈಗ ಮನ್ಯಾಗೂ ಬಿಟ್ಟಾಳ. ಯಾಕ ಅಂದ್ರ, ಟೀಚರೇ ನಾಚ್ಕೋತಾರ ಅಂತಾಳ್ರಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಯಾರ ನಂಬಿಕೆಯನ್ನೂ ಹಗುರ ಮಾಡಬೇಡಿ ಎಂದು ಮಕ್ಕಳಿಗೆ ದಿನವೂ ಹೇಳುತ್ತಿದ್ದವಳು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು.

ಮರುದಿನ ಹಾಜರಿ ಮುಗಿಸಿ ತರಗತಿಗೆ ಎಲ್ಲ ಹೇಳಿಬಿಟ್ಟೆ. ಅವತ್ತು ಧೂಳು ಬಿದ್ದಿರಲಿಲ್ಲ, ನಮ್ಮ ಮನೆಗಳಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಹೀಗೆ ಮಾಡುತ್ತೇವೆ, ನೀವ್ಯಾರೂ ಮಾಡಬೇಕಿಲ್ಲ, ಆದರೆ ನಾನು ಸುಳ್ಳು ಹೇಳಿದ್ದು ತಪ್ಪು ಎಂದೆ.

“ಮತ್ತೆ ಯಾಕೆ ಸುಳ್ಳು ಹೇಳಿದ್ರಿ?” ಅಂದು ಕೇಳಿದವನೇ ಮತ್ತೆ ಕೇಳಿದ.

“ಹೆದರಿಕೆ ಆಯ್ತು.”

ಅವನು ಪುಸ್ತಕ ತೆರೆದ. ಪಾಠ ಮುಂದುವರಿಯಿತು.

ಗಂಟೆ ಹೊಡೆದು ಎಲ್ಲರೂ ಹೊರಟರು. ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆಂದು ತಾಯಿ ಹೇಳಿದ್ದ ಆ ಕನ್ನಡದ ಹುಡುಗಿ ನನ್ನ ಮೇಜಿನ ಬಳಿ ನಿಂತಳು. ಅಕ್ಕಪಕ್ಕ ನೋಡಿ, ಮೆಲ್ಲಗೆ ಕನ್ನಡದಲ್ಲಿ ಅಂದಳು:

“ನನಗೂ ಅಂಜಿಕಿ ಆಗ್ತೈತ್ರಿ, ಮಿಸ್.”